ಹಳೇ ಕಿಟಕಿ ಕೀಳಿಸುವ ಮೊದಲು

ನಮಸ್ಕಾರ. ಹೋದ ವರ್ಷ ಮೈಸೂರಿನ ನಮ್ಮ ಮನೆಯಲ್ಲಿ ಹಾಲ್‌ನ ಕಿಟಕಿ ಬದಲಾಯಿಸಿದೆವು. ಹಳೆಯದು ತೇಗದ್ದು. ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು ಬಾಗಿಲು. ಬಣ್ಣ ಹೋಗಿತ್ತು, ಮಳೆಗಾಲದಲ್ಲಿ ಬಿಗಿಯಾಗುತ್ತಿತ್ತು. ಕೀಳಿಸಿ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್‌ನ ಸ್ಲೈಡಿಂಗ್ ಕಿಟಕಿ ಹಾಕಿಸಿದೆವು. ನೋಡೋಕೆ ಚೆಂದವೇ. ಏಪ್ರಿಲ್ ಬಂತು ನೋಡಿ, ಮನೆಯೊಳಗೆ ಗಾಳಿಯೇ ಇಲ್ಲ.

ಎರಡು ಹಳಿಯ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಗಾಜು ಇನ್ನೊಂದರ ಹಿಂದೆ ಸರಿಯುತ್ತದೆ. ಪೂರ್ತಿ ತೆಗೆದೆ ಅಂದರೂ ಅರ್ಧ ಮುಚ್ಚಿಯೇ ಇರುತ್ತದೆ. ಆರು ಅಡಿ ಕಿಟಕಿಗೆ ದುಡ್ಡು ಕೊಟ್ಟು ಮೂರು ಅಡಿ ಗಾಳಿ ತಗೊಂಡ ಹಾಗೆ. ಸೊಳ್ಳೆ ಜಾಲರಿ ಎಳೆದರೆ ಅದರಲ್ಲೂ ಒಂದಿಷ್ಟು ಕಡಿಮೆ. ಅಂಗಡಿಯವರು ಇದನ್ನು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಹಳೇ ಕಿಟಕಿಯಲ್ಲಿ ಅಮ್ಮ ಏನು ಮಾಡುತ್ತಿದ್ದರು ಗೊತ್ತಾ? ಕೆಳಗಿನ ಎರಡು ಬಾಗಿಲು ಮುಚ್ಚಿ, ಮೇಲಿನ ಎರಡು ತೆಗೆದಿಡುತ್ತಿದ್ದರು. ಬೀದಿಯವರಿಗೆ ಒಳಗಡೆ ಕಾಣುತ್ತಿರಲಿಲ್ಲ. ಬಿಸಿ ಗಾಳಿ ಮೇಲಕ್ಕೆ ಏರುತ್ತದಲ್ವಾ, ಅದು ಹಾಗೇ ಹೊರಗೆ ಹೋಗುತ್ತಿತ್ತು. ಎಷ್ಟು ಜಾಣತನದ ಕಿಟಕಿ ಅದು! ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಯುಪಿವಿಸಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ಮಳೆಗೆ ಉಬ್ಬುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಕರಾವಳಿ, ಮಲೆನಾಡಿನವರಿಗೆ ಇದು ದೊಡ್ಡ ಅನುಕೂಲ. ಆದರೆ ಅದರಲ್ಲೇ ಬಾಗಿಲಿನ ಹಾಗೆ ಪೂರ್ತಿ ತೆರೆಯುವ ಕೇಸ್‌ಮೆಂಟ್ ಕಿಟಕಿಯೂ ಸಿಗುತ್ತದೆ, ಅದನ್ನು ಕೇಳಿ. ಫ್ರೇಮಿನ ಒಳಗೆ ಸ್ಟೀಲ್ ಇದೆಯಾ ಅಂತ ಕೇಳಿ. ಸ್ಲೈಡಿಂಗೇ ಬೇಕು ಅಂದರೆ, ಕೆಳಗಿನ ಹಳಿಯಲ್ಲಿ ನೀರು ಹೊರಗೆ ಹೋಗುವ ತೂತುಗಳನ್ನು ತೋರಿಸಿ ಅನ್ನಿ. ಆ ತೂತುಗಳಲ್ಲಿ ಧೂಳು ಕಟ್ಟಿಕೊಂಡರೆ ಜೋರು ಮಳೆಯ ನೀರು ಹಾಲ್‌ಗೇ ಇಳಿಯುತ್ತದೆ.

ಇನ್ನು ಮುಂಬಾಗಿಲು. ವಾಸ್ಕಲ್ ಪೂಜೆ ಮಾಡಿ ನಿಲ್ಲಿಸಿದ ಬಾಗಿಲನ್ನು ಸುಮ್ನೆ ಒಡೆಸಬೇಡಿ. ಮಳೆಗಾಲದಲ್ಲಿ ಉಜ್ಜುತ್ತದೆ ಅನ್ನುವುದಷ್ಟೇ ಕಾರಣವಾದರೆ ಖಂಡಿತ ಬೇಡ. ಮೊದಲು ಕೀಲಿನ ಸ್ಕ್ರೂ ನೋಡಿ. ಮೇಲಿನ ಕೀಲು ಸಡಿಲವಾದರೆ ಬಾಗಿಲು ವಾಲಿ ನೆಲಕ್ಕೆ ತಾಗುತ್ತದೆ. ಸ್ವಲ್ಪ ಉದ್ದದ ಸ್ಕ್ರೂ ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯಿತು. ಆಮೇಲೆ ಬಾಗಿಲಿನ ತಲೆ ಮತ್ತು ಬುಡ ನೋಡಿ. ಮುಖಕ್ಕೆ ಮೂರು ಕೋಟು ಪಾಲಿಶ್ ಇರುತ್ತದೆ, ಬುಡಕ್ಕೆ ಒಂದೂ ಇರುವುದಿಲ್ಲ. ಮರ ನೀರು ಕುಡಿಯುವುದು ಅಲ್ಲಿಂದಲೇ. ಜುಲೈನಲ್ಲಿ ಉಬ್ಬಿದ ಬಾಗಿಲಿಗೆ ಆಗಲೇ ಉಜ್ಜುಗೊರಡು ಹಿಡಿಸಬೇಡಿ, ಬೇಸಿಗೆಯಲ್ಲಿ ಅದು ಕುಗ್ಗಿ ಸಂದು ಬಿಡುತ್ತದೆ. ಒಣಗಲಿ. ಆಮೇಲೆ ಬಿಚ್ಚಿ ಆರೂ ಬದಿಗೆ ಪಾಲಿಶ್ ಹೊಡೆಸಿ.

ಗೆದ್ದಲು ಹಿಡಿದು ಚೌಕಟ್ಟು ಟೊಳ್ಳಾಗಿದ್ದರೆ ಮಾತು ಬೇರೆ, ಬದಲಾಯಿಸಲೇಬೇಕು. ಹೊಸದು ಮರದ್ದೇ ಆದರೆ ಚೆನ್ನಾಗಿ ಒಣಗಿದ ಮರವೇ ಆಗಲಿ. ಹಸಿ ಮರ ಗೋಡೆಯಲ್ಲಿ ನಿಂತ ಮೇಲೆ ತಿರುಚಿಕೊಳ್ಳುತ್ತದೆ. ಗೋಡೆಗೆ ತಾಗುವ ಬದಿಗೆ ಹಿಂದಿನವರು ಡಾಂಬರು ಬಳಿಯುತ್ತಿದ್ದರು. ಯಾರಿಗೂ ಕಾಣದ ಆ ಬದಿಯನ್ನು ಇವತ್ತಿಗೂ ಹಾಗೇ ಬಿಡಬಾರದು.

ಕೊನೆಗೆ ಒಂದು ವಿಷಯ. ಇದರಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಕಳ್ಳರ ಭಯಕ್ಕೆ ಎಲ್ಲ ಕಿಟಕಿಗೂ ಗ್ರಿಲ್ ಬೆಸುಗೆ ಹಾಕಿಸುತ್ತೇವೆ. ಅಡುಗೆಮನೆಯಲ್ಲೋ ಮುಂಬಾಗಿಲ ಹತ್ತಿರವೋ ಬೆಂಕಿ ಹತ್ತಿಕೊಂಡರೆ ಮಲಗುವ ಕೋಣೆಯವರು ಎಲ್ಲಿಂದ ಆಚೆ ಬರಬೇಕು? ಹೇಗೂ ಕಿಟಕಿ ಕೆಲಸ ಮಾಡಿಸುತ್ತಿದ್ದೀರಿ. ಪ್ರತಿ ಮಲಗುವ ಕೋಣೆಯಲ್ಲೂ ಒಂದು ಗ್ರಿಲ್ ಒಳಗಿನಿಂದ ತೆರೆಯುವ ಹಾಗೆ ಕೀಲು ಹಾಕಿಸಿ. ಅದರ ಬೀಗದ ಕೈ ಎಲ್ಲಿರುತ್ತದೆ ಅಂತ ಮಕ್ಕಳಿಗೂ, ಅಜ್ಜ ಅಜ್ಜಿಗೂ ತೋರಿಸಿ. ಒಂದು ಸಲ ಅವರ ಕೈಯಲ್ಲೇ ತೆಗೆಸಿ ನೋಡಿ.