ಆಸ್ಪತ್ರೆಯ ಹೊರಗಿನ ಬೆಂಚು

ಕೇಳುಗರೆಲ್ಲರಿಗೂ ನಮಸ್ಕಾರ. ಸಣ್ಣ ಪೇಟೆಯಲ್ಲಿ ಬದುಕುವುದರ ಸುಖ ಏನು, ಕಷ್ಟ ಏನು ಅಂತ ಮಾತಾಡಿ ಎಂದು ರೇಡಿಯೋ ನಿಲಯದವರು ಕರೆದಿದ್ದಾರೆ. ನಾನು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ 30 ವರ್ಷ ರೋಗಿಗಳನ್ನು ನೋಡಿದ ವೈದ್ಯ. ಹಾಗಾಗಿ ಈ ಪೇಟೆಯನ್ನು ನಾನು ನೋಡಿದ್ದೆಲ್ಲ ಆಸ್ಪತ್ರೆಯ ಬಾಗಿಲಲ್ಲಿ ನಿಂತು. ಆ ಬಾಗಿಲ ಹೊರಗೆ ಗೋಡೆಗೆ ತಾಗಿಸಿ ಹಾಕಿದ ಒಂದು ಮರದ ಬೆಂಚು. ಇವತ್ತು ನನಗೆ ಹೇಳಬೇಕಾಗಿರುವುದು ಒಂದೇ ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಬೆಂಚಿನ ಮೇಲೆ ಕೂತವರ ಹತ್ತಿರ ‘ಏನಾಯ್ತು, ಯಾಕೆ ಬಂದಿದ್ದು?’ ಅಂತ ಕೇಳಬೇಡಿ.

ಇದಕ್ಕೋಸ್ಕರ ರೇಡಿಯೋ ತನಕ ಬರಬೇಕಿತ್ತೇ ಅನ್ನಿಸೀತು. ಬರಬೇಕಿತ್ತು. ಯಾಕೆ ಅಂತ ಹೇಳುತ್ತೇನೆ.

ಸುಖ ಎಷ್ಟು ಹೇಳಿದರೂ ಮುಗಿಯುವುದಿಲ್ಲ. ಸಂತೆಯಲ್ಲಿ ಚೀಲ ತುಂಬಿದ ಮೇಲೆ ಚಿಲ್ಲರೆ ಇಲ್ಲದಿದ್ದರೆ ‘ನಾಳೆ ಕೊಡಿ’ ಅನ್ನುತ್ತಾರೆ. ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂತೆಂದರೆ ಬೆಂಗಳೂರು ಸೇರಿದ ಮಕ್ಕಳೆಲ್ಲ ರಾತ್ರಿ ರೈಲು ಹತ್ತಿ ಬರುತ್ತಾರೆ, ನೆಂಟರಿಲ್ಲದ ಮನೆಯೇ ಇರುವುದಿಲ್ಲ. ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಂ ಇದೆ. ಅಡಿಕೆ ತೋಟದ ಕೆಲಸ ಮುಗಿಸಿ, ಕಾಲು ತೊಳೆದುಕೊಂಡು ನಾಟಕ ನೋಡಲು ಹೋಗುವ ಭಾಗ್ಯ ಎಷ್ಟು ಊರಿನವರಿಗಿದೆ?

ಆದರೆ ನನ್ನ ಮಟ್ಟಿಗೆ ಸಣ್ಣ ಪೇಟೆ ಅಂದರೆ ಒಂದು ಜುಲೈ ತಿಂಗಳ ರಾತ್ರಿ. 25 ವರ್ಷದ ಮೇಲಾಯಿತು. ಆಗ ಶರಾವತಿ ಹಿನ್ನೀರಿಗೆ ಸೇತುವೆ ಇರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಂತ ಮೇಲೆ ಹಿನ್ನೀರಿನ ಆಚೆ ಇರುವ ತುಮರಿ ಕಡೆಯ ಜನಕ್ಕೆ ಸಾಗರ ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ಹೊಳೆಬಾಗಿಲು ಅನ್ನುವಲ್ಲಿ ಜನರನ್ನು ದಾಟಿಸುವ ಲಾಂಚು ಇತ್ತು, ನಿಜ. ಸಂಜೆಯಾದರೆ ನಿಂತುಬಿಡುತ್ತಿತ್ತು. ಆಮೇಲೆ ಏನಾದರೂ ಆದರೆ ಕಾಡಿನ ರಸ್ತೆಯಲ್ಲಿ ಸುತ್ತು ಹಾಕಿ ಬರಬೇಕು.

ಅವತ್ತು ರಾತ್ರಿ ಎಂಟೂವರೆಗೆ ಮನೆಗೆ ಫೋನು ಬಂತು. ‘ಡಾಕ್ಟ್ರೇ, ಹೊಳೆ ಆಚೆ ಒಬ್ಬರಿಗೆ ಕೊಳಕುಮಂಡಲ ಹಾವು ಕಚ್ಚಿದೆ, ತರ್ತಾ ಇದೀವಿ, ನೀವು ಆಸ್ಪತ್ರೇಲೇ ಇರಿ’ ಅಂದವರು ಹೆಸರನ್ನೂ ಹೇಳದೆ ಇಟ್ಟುಬಿಟ್ಟರು. ತೋಟದ ಅಗಳದ ಹತ್ತಿರ ಕಚ್ಚಿದ್ದಂತೆ. ಊರಿನ ನಾಲ್ಕು ಜನ ರೋಗಿಯನ್ನು ಕಂಬಳಿಯಲ್ಲಿ ಹೊತ್ತುಕೊಂಡು ದಡಕ್ಕೆ ಬಂದಿದ್ದಾರೆ. ಇಬ್ಬರು ಓಡಿಹೋಗಿ ಲಾಂಚಿನವರ ಮನೆಬಾಗಿಲು ಬಡಿದಿದ್ದಾರೆ. ಊಟಕ್ಕೆ ಕೂತಿದ್ದ ಅವರು ಕೈ ತೊಳೆದು ಎದ್ದು ಬಂದು, ಆ ಗಾಳಿ ಮಳೆಯಲ್ಲಿ, ಬ್ಯಾಟರಿ ಬೆಳಕಿನಲ್ಲಿ ಲಾಂಚು ಬಿಟ್ಟಿದ್ದಾರೆ. ಈಚೆ ದಡದಲ್ಲಿ ನಮ್ಮ ಪೇಟೆಯವರೊಬ್ಬರು ಜೀಪು ಸ್ಟಾರ್ಟ್ ಮಾಡಿಟ್ಟುಕೊಂಡು ಕಾಯುತ್ತಿದ್ದರು. ಅವರಿಗೂ ರೋಗಿಗೂ ನೆಂಟಸ್ತಿಕೆ ಇಲ್ಲ, ಜಾತಿ ಬೇರೆ, ಪಕ್ಷವೂ ಬೇರೆ.

ರೋಗಿ ಬಂದಾಗ ಹತ್ತೂವರೆ. ಕಾಲು ಮೊಣಕಾಲಿನ ತನಕ ಊದಿಕೊಂಡಿತ್ತು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಅದನ್ನು ತಿಳಿಯಲು ದೊಡ್ಡ ಯಂತ್ರ ಬೇಡ. ಸ್ವಲ್ಪ ರಕ್ತ ತೆಗೆದು ಒಣಗಿದ ಗಾಜಿನ ಕೊಳವೆಗೆ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡಬೇಕು. ಸರಿಯಿದ್ದವರ ರಕ್ತ ಅಷ್ಟರಲ್ಲಿ ಗಟ್ಟಿಯಾಗಿ ತಳದಲ್ಲಿ ಕೂತಿರುತ್ತದೆ. ನಾನು ಓರೆ ಮಾಡಿದೆ. ನೀರಿನ ಹಾಗೆ ಹರಿಯಿತು.

ಶುರುವಿಗೇ 10 ಬಾಟಲಿ ಮದ್ದು ಬೇಕು. ನಮ್ಮಲ್ಲಿ ಇದ್ದದ್ದು ಆರು. ಮೆಡಿಕಲ್ ಶಾಪಿನವರನ್ನು ಎಬ್ಬಿಸಲು ಹುಡುಗನನ್ನು ಅಟ್ಟಿದೆ. ಹತ್ತೇ ನಿಮಿಷ. ಲುಂಗಿ ಎತ್ತಿ ಕಟ್ಟಿ, ಕೊಡೆಯಿಲ್ಲದೆ, ಥರ್ಮೋಕೋಲ್ ಡಬ್ಬಿಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ಅವರೇ ಓಡಿ ಬಂದರು. ದುಡ್ಡಿನ ಮಾತೇ ಎತ್ತಲಿಲ್ಲ. ಬೆಳಗಾಗುವಷ್ಟರಲ್ಲಿ ಹೊರಗಿನ ಬೆಂಚಿನ ಮೇಲೆ, ಬೇಕಾದರೆ ರಕ್ತ ಕೊಡುತ್ತೇವೆ ಅಂತ ಏಳು ಜನ ಕೂತಿದ್ದರು. ರೋಗಿ ಬದುಕಿದರು. ಇವತ್ತಿಗೂ ಈ ಕಥೆಯನ್ನು ಅವರೇ ಸಿಕ್ಕಿದವರಿಗೆಲ್ಲ ಹೇಳುತ್ತಾರೆ, ಹಾಗಾಗಿ ನಾನೂ ಧೈರ್ಯವಾಗಿ ಹೇಳಿದೆ.

ಈಗ ಅದೇ ಬೆಂಚಿನ ಇನ್ನೊಂದು ಕಥೆ.

ಆ ರಾತ್ರಿಯಾಗಿ ಎರಡು ವರ್ಷ ಕಳೆದಿರಬೇಕು. ಪೇಟೆಯದೇ ಹುಡುಗ, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಕೆಮ್ಮು ಬಿಡದೆ ಒಂದು ತಿಂಗಳಾಗಿತ್ತು. ತೋರಿಸೋಣ ಅಂತ ಬಂದು ಬೆಂಚಿನ ಮೇಲೆ ಕೂತಿದ್ದ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು, ‘ಏನೋ, ಏನಾಯ್ತೋ? ಅಪ್ಪನಿಗೆ ಗೊತ್ತುಂಟಾ?’ ಅಂತ ಕೇಳಿದರು. ಹುಡುಗ ‘ಏನಿಲ್ಲ, ಯಾರನ್ನೋ ನೋಡೋಕೆ ಬಂದೆ’ ಅಂದು ಎದ್ದು ಹೋದ. ಮನೆಯಲ್ಲಿ ಅಕ್ಕನ ಮದುವೆ ಮಾತುಕತೆ ನಡೆದಿತ್ತು. ಕ್ಷಯ ಅಂತ ಗುಲ್ಲೆದ್ದರೆ ಸಂಬಂಧ ತಪ್ಪೀತು ಅನ್ನುವ ಹೆದರಿಕೆ.

ನಾಲ್ಕು ತಿಂಗಳಾದ ಮೇಲೆ ಅವನ ಅಪ್ಪ ಆಟೋದಲ್ಲಿ ಕರೆತಂದರು. ಹುಡುಗನ ಕೈಯಲ್ಲಿ ಟವೆಲ್ ಇತ್ತು, ಟವೆಲ್ಲಿನಲ್ಲಿ ರಕ್ತ. ಪರೀಕ್ಷೆ ಮಾಡಿಸಿದರೆ ಮನೆಯ ಚಿಕ್ಕ ತಂಗಿಗೂ ಹತ್ತಿತ್ತು. ಆರು ತಿಂಗಳ ಮಾತ್ರೆ, ಸರ್ಕಾರ ಪುಕ್ಕಟೆ ಕೊಡುವ ಮಾತ್ರೆ. ಇಬ್ಬರಿಗೂ ವಾಸಿಯಾಯಿತು. ಮೊದಲ ದಿನವೇ ಒಳಗೆ ಬಂದಿದ್ದರೆ ಆ ತಂಗಿ ಮಾತ್ರೆ ನುಂಗಬೇಕಾಗುತ್ತಿರಲಿಲ್ಲವೇನೋ.

ಬೆಂಚಿನ ಹತ್ತಿರ ಕೇಳಿದವರು ಯಾರೆಂದು ಆಮೇಲೆ ಹುಡುಗನೇ ಹೇಳಿದ. ಆ ರಾತ್ರಿ ಹೊಳೆಬಾಗಿಲಿನಲ್ಲಿ ಜೀಪು ಇಟ್ಟುಕೊಂಡು ಕಾದಿದ್ದವರು. ಬಂಗಾರದಂಥ ಮನುಷ್ಯ. ಪ್ರೀತಿಯಿಂದಲೇ ಕೇಳಿದ್ದರು.

ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಕೇಳಬೇಡಿ. ಪ್ರೀತಿ ಇದ್ದರೂ ಕೇಳಬೇಡಿ. ಗರ್ಭ ನಿಲ್ಲದ ಹೆಣ್ಣುಮಗಳು, ಕುಡಿತ ಬಿಡಬೇಕೆಂದಿರುವ ಗಂಡಸು, ನಿದ್ದೆ ಬಾರದೆ ಸಾಯುವ ಯೋಚನೆ ಬರುತ್ತಿರುವ ರೈತ, ಇವರೆಲ್ಲ ನಿಮ್ಮ ಒಂದು ಪ್ರಶ್ನೆಗೆ ಹೆದರಿ, ಯಾರೂ ಗುರುತು ಹಿಡಿಯದ ಶಿವಮೊಗ್ಗಕ್ಕೆ ಬಸ್ಸು ಹತ್ತುತ್ತಾರೆ. ಬಸ್ಸಿಗೆ ದುಡ್ಡಿಲ್ಲದವರು ಮನೆಯಲ್ಲೇ ಉಳಿಯುತ್ತಾರೆ. ಮನಸ್ಸಿನ ಕಷ್ಟ ಇರುವವರು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಾಗಿಲ್ಲ. ಬರೆದುಕೊಳ್ಳಿ: 1, 4, 4, 1, 6. ಅಲ್ಲಿ ನಿಮ್ಮ ಮನೆತನ ಯಾವುದು ಅಂತ ಗೊತ್ತಿರುವವರು ಇರುವುದಿಲ್ಲ.

ಇನ್ನು ಉಳಿದ ಕಷ್ಟಗಳು. ಕೆಲಸ ಇಲ್ಲ, ಓದಿದ ಮಕ್ಕಳು ನಿಲ್ಲುವುದಿಲ್ಲ, ದೊಡ್ಡ ಕಾಯಿಲೆಗೆ ಮಣಿಪಾಲಕ್ಕೇ ಓಡಬೇಕು. ಇವನ್ನು ನೀವೂ ಬಲ್ಲಿರಿ, ಸಮಯವೂ ಕಡಿಮೆ ಇದೆ. ಇವಕ್ಕೆ ಸರ್ಕಾರ ಬೇಕು, ಹೋರಾಟ ಬೇಕು. ಹಿನ್ನೀರಿಗೆ ಸೇತುವೆ ಆಗಲು 2025ರ ಜುಲೈ ತನಕ ಕಾಯಬೇಕಾಯಿತು. ಈಗ ತುಮರಿಯವರು ರಾತ್ರಿಯೂ ನೆಟ್ಟಗೆ ಬರಬಹುದು, ನನಗೆ ಅದರಷ್ಟು ಸಂತೋಷ ಕೊಟ್ಟದ್ದು ಬೇರೆ ಇಲ್ಲ. ಆದರೆ ಅಷ್ಟು ದೂರದಿಂದ ಸೇತುವೆ ದಾಟಿ ಬಂದವರು ಬೆಂಚಿನಿಂದ ಎದ್ದು ವಾಪಸು ಹೋಗಬಾರದಲ್ಲ? ಅದಕ್ಕೆ ಸರ್ಕಾರದ ಆದೇಶ ಬೇಡ.

ನಾಳೆ ನೀವು ಆಸ್ಪತ್ರೆಯ ಮುಂದೆ ಹೋಗುವಾಗ ಗುರುತಿನವರು ಯಾರಾದರೂ ಬೆಂಚಿನ ಮೇಲೆ ಕೂತಿದ್ದರೆ ನಿಂತು ಮಾತಾಡಿ, ಮುಖ ತಿರುಗಿಸಿಕೊಂಡು ಹೋಗಬೇಡಿ. ‘ನಿಮ್ಮ ಕಡೆ ಮಳೆ ಹೆಂಗೆ?’ ಅಂತ ಕೇಳಿ. ‘ಅಡಿಕೆ ಕೊನೆಕೊಯ್ಲು ಮುಗೀತಾ?’ ಅಂತ ಕೇಳಿ. ಅಷ್ಟು ಕೇಳಿ, ನಿಮ್ಮ ದಾರಿ ಹಿಡಿದು ಹೋಗಿ. ನಮಸ್ಕಾರ.