ಹೋಳಿ ಹುಣ್ಣಿಮೆಯ ಹಾಡು, ಮೇಳದ ಕೊರಳಿಗೆ

ಕೇಳುಗರಿಗೆ ನಮಸ್ಕಾರ.

ಪಂಚಾಂಗದ ವಸಂತ ಶುರುವಾಗುವುದು ಚೈತ್ರಕ್ಕೆ. ಹುಬ್ಬಳ್ಳಿ, ನವಲಗುಂದದ ಓಣಿಗಳಿಗೆ ಮಾತ್ರ ಅದು ಹದಿನೈದು ದಿನ ಮೊದಲೇ, ಹೋಳಿ ಹುಣ್ಣಿಮೆಗೆ, ಹಲಗಿ (ಚರ್ಮದ ತಮಟೆ) ಬಾರಿಸಿಕೊಂಡು ಬಂದುಬಿಡುತ್ತದೆ. ಕಾಮ–ರತಿಯರ ಹಾಡು, ಹುಡುಗ ಹುಡುಗಿ ಒಬ್ಬರನ್ನೊಬ್ಬರು ಕೆಣಕುವ ಹಾಡು ಹೊರಬೀಳುವುದು ಆಗಲೇ. ಇವನ್ನು ಮೇಳಕ್ಕೆ ಹೊಂದಿಸುವವರು ಮೊದಲು ಎಡವುವುದು ಎಲ್ಲರಿಂದಲೂ ಎಲ್ಲ ಸಾಲು ಹಾಡಿಸಿ. ಇಂಥ ಹಾಡು ಸವಾಲು–ಜವಾಬು. ಅವನ ಮಾತು ಗಂಡಸರಿಗಿರಲಿ, ಅವಳ ಮಾತು ಹೆಂಗಸರಿಗೆ, ಪಲ್ಲವಿಯಷ್ಟೇ ಎಲ್ಲರದು. ಗೀಗೀ ಪದದ ಮೇಳದಲ್ಲಿ ಮುಂದೆ ನಿಂತ ಮುಮ್ಮೇಳ ಎತ್ತಿಕೊಟ್ಟದ್ದನ್ನು ಹಿಂದಿನ ಹಿಮ್ಮೇಳ ಹಿಡಿಯುವುದಿಲ್ಲವೇ, ಹಾಗೆ.

ಹದಿನಾರು ಮಂದಿ ಇದ್ದರೆ ಇಬ್ಬರು ಮುಮ್ಮೇಳ, ಒಂಬತ್ತು ಮಂದಿ ಹಿಮ್ಮೇಳ. ಉಳಿದ ಐವರು ಒಂದೇ ಸ್ವರ ಹಿಡಿದು ಶ್ರುತಿ ಕೊಡಲಿ: ಮೂವರು ಷಡ್ಜ (ಸ), ಇಬ್ಬರು ಪಂಚಮ (ಪ). ಪಂಚಮ ಚುಚ್ಚುವ ಸ್ವರ, ಅಲ್ಲಿ ಜನ ಹೆಚ್ಚಾದರೆ ಧಾಟಿ ಮುಚ್ಚಿಹೋಗುತ್ತದೆ. ಧಾಟಿ ಮಧ್ಯಮದ (ಮ) ಮೇಲೆ ನಿಲ್ಲುವಂಥದ್ದಾದರೆ ಪಂಚಮ ಬಿಟ್ಟು ಮಧ್ಯಮ ಹಿಡಿಯಿರಿ. ಷಡ್ಜದಿಂದ ಕೆಳಗೆ ಹೆಚ್ಚು ಇಳಿಯದ ಹಾಡಿಗೆ ಕಪ್ಪು 5, ಅಂದರೆ ಹಾರ್ಮೋನಿಯಂನ ಐದನೇ ಕಪ್ಪು ಮನೆ, ಷಡ್ಜವಾದರೆ ಅನುಕೂಲ: ಹೆಂಗಸರ ಕೊರಳು ತೆರೆದಿರುತ್ತದೆ, ಗಂಡಸರು ಒಂದು ಸಪ್ತಕ ಕೆಳಗೆ ಸಲೀಸಾಗಿ ಹಾಡುತ್ತಾರೆ. ಇನ್ನು ಕೀಬೋರ್ಡ್. ಧಾಟಿಯಲ್ಲಿ ಕೋಮಲ ಗಾಂಧಾರ (ತಗ್ಗಿಸಿದ ಗ) ಇದ್ದಾಗ ಅಭ್ಯಾಸಬಲದಿಂದ ಸ–ಗ–ಪ ಒತ್ತಿದರೆ ಶುದ್ಧ ಗಾಂಧಾರ ಬಂದು ಎರಡೂ ಜಗಳಾಡುತ್ತವೆ. ನನ್ನ ಮತ ಕೇಳಿದರೆ ಕೀಬೋರ್ಡೇ ಬೇಡ.

ಹೆಚ್ಚು ತಾಲೀಮು ಬೇಡುವುದು ತ್ರಿಪದಿ. ಬರೆದರೆ ಮೂರು ಸಾಲು, ಹನ್ನೊಂದು ಗಣ. ಹಾಡುವಾಗ ಎರಡನೇ ಸಾಲಿನ ಭಾಗ ಮರುಕಳಿಸಿ ನಾಲ್ಕು ಸಾಲಿನಷ್ಟಾಗುತ್ತದೆ. ಮೇಳ ಮುಗ್ಗರಿಸುವುದು ಈ ಮರುಕಳಿಕೆಯ ಬಾಗಿಲಲ್ಲೇ. ಒಂಬತ್ತೂ ಮಂದಿ ಅಲ್ಲೇ ಉಸಿರು ತೆಗೆದುಕೊಳ್ಳುತ್ತಾರೆ, ಹಾಡಿಗೆ ತೂತು ಬೀಳುತ್ತದೆ. ಹಿಮ್ಮೇಳವನ್ನು ನಾಲ್ಕು, ಐದು ಎಂದು ಒಡೆಯಿರಿ. ನಾಲ್ವರು ಸಾಲಿನ ಕೊನೆಯ ಸ್ವರ ಎಳೆದು ಹಿಡಿದಿರಲಿ. ಐವರು ಮೊದಲೇ ಉಸಿರು ತುಂಬಿಕೊಂಡು ಮರುಕಳಿಕೆ ಎತ್ತಿಕೊಳ್ಳಲಿ. ನಾಲ್ವರು ಎರಡು ಮಾತ್ರೆ ತಡೆದು ಬಂದು ಸೇರಲಿ. ಮೊದಲು ತಾಳವಿಲ್ಲದೆ ಹತ್ತು ಸಲ ಮಾಡಿಸಿ, ಹಲಗಿ ಆಮೇಲೆ.

ಎಳೆಯುವುದರಲ್ಲೂ ಎಚ್ಚರ ಬೇಕು. ಒಲಿಸಲು ಬಂದವನು ‘ಬಳಿ’ (ಬಳೆ) ತಂದೇನಿ ಅಂತಾನೆ; ಮೇಳ ‘ಬ’ವನ್ನು ಎಳೆದರೆ ಅವನ ಕೈಯಲ್ಲಿ ‘ಬಾಳಿ’ ಹಣ್ಣು! ಹ್ರಸ್ವವನ್ನು ಹ್ರಸ್ವವಾಗೇ ಮುಗಿಸಿ, ಉಳಿದ ಮಾತ್ರೆಯನ್ನು ಪದದ ಕೊನೆಯ ಸ್ವರಕ್ಕೋ, ‘ಏ’, ‘ಓ’ ಎಂಬ ತುಂಬುಸ್ವರಕ್ಕೋ ಕೊಡಿ.

ಹಲಗಿ ಒಂದೇ ಸಾಕು. ಧ್ವನಿಮುದ್ರಣದಲ್ಲಾದರೆ ಮೈಕಿನಿಂದ ಹತ್ತು ಹನ್ನೆರಡು ಅಡಿ ದೂರ, ಹಾಡುವವರ ಹಿಂದೆ ನಿಲ್ಲಿಸಿ. ಚರ್ಮ ತಣ್ಣಗಾದರೆ ಸಡಿಲುತ್ತದೆ, ಸ್ಟುಡಿಯೋದೊಳಗೆ ಬೆಂಕಿ ಹಚ್ಚುವಂತಿಲ್ಲ. ಹೊರಗೇ ಕಾಯಿಸಿ ತಂದು, ಆ ಬಿಸಿ ಆರುವುದರೊಳಗೆ ಹಾಡು ಮುಗಿಸಿ.