ಅಂಕಿಯನ್ನು ಅನುಮಾನಿಸುವ ವೈದ್ಯರು

ವಿದ್ಯಾರ್ಥಿ ಮಿತ್ರರೇ,

ವೈದ್ಯರೊಬ್ಬರ ಬೆನ್ನ ಹಿಂದೆ ನಿಂತು ಕೆಲಸ ನೋಡಿ ಬಾ ಎಂದರೆ ಎಲ್ಲರೂ ಶಸ್ತ್ರಚಿಕಿತ್ಸಕರನ್ನೇ ಹುಡುಕುತ್ತಾರೆ. ನಾನು ಹೋಗಿ ಕುಳಿತದ್ದು ಚಿಕ್ಕಮ್ಮನ ಪಕ್ಕದಲ್ಲಿ. ಅವರು ಪೆಥಾಲಜಿಸ್ಟ್, ಅಂದರೆ ರಕ್ತ, ಅಂಗಾಂಶಗಳನ್ನು ಪರೀಕ್ಷಿಸಿ ರೋಗ ಗುರುತಿಸುವ ವೈದ್ಯೆ; ಜಿಲ್ಲಾ ಕೇಂದ್ರವೊಂದರ ಡಯಾಗ್ನೋಸ್ಟಿಕ್ ಸೆಂಟರಿನಲ್ಲಿದ್ದಾರೆ. ಅಲ್ಲಿಗೆ ಬಂದು ಹೋಗುವ ಹೆಚ್ಚಿನ ರೋಗಿಗಳು ಅವರ ಮುಖವನ್ನೇ ಕಂಡಿರುವುದಿಲ್ಲ. ವರದಿಯ ಕೆಳಗಿರುವ ಸಹಿಯಷ್ಟೇ ಅವರಿಗೆ ಪರಿಚಯ. ಚಿಕ್ಕಮ್ಮ ನನಗೆ ಹಾಕಿದ ಷರತ್ತು ಎರಡು. ಮೊಬೈಲ್ ಚೀಲದಿಂದ ಹೊರಗೆ ಬರಕೂಡದು, ಕಂಡ ಹೆಸರು ಮನೆಯಲ್ಲಿ ಬಾಯಿಗೆ ಬರಕೂಡದು. ನಮ್ಮಂಥ ಊರಿನಲ್ಲಿ ಎರಡನೆಯದೇ ಕಷ್ಟ.

ಬೆಳಗಿನ ಹೊತ್ತು ಖಾಲಿ ಹೊಟ್ಟೆಯವರ ಸಾಲು. ರಕ್ತ ತೆಗೆಯುವ ಕೊಳವೆಗಳ ಮುಚ್ಚಳದ ಬಣ್ಣ ಅಲಂಕಾರಕ್ಕಲ್ಲ. ಸಕ್ಕರೆ ಪರೀಕ್ಷೆಗೆ ಬೂದು ಬಣ್ಣದ್ದು. ಅದರಲ್ಲಿ ಫ್ಲೋರೈಡ್ ಇರುತ್ತದೆ. ದೇಹದಿಂದ ಹೊರಬಂದರೂ ರಕ್ತಕಣಗಳ ಹಸಿವು ನಿಲ್ಲುವುದಿಲ್ಲ. ಫ್ಲೋರೈಡ್ ಇಲ್ಲದ ಕೊಳವೆಯಲ್ಲಿ ಅವು ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಗ್ಲೂಕೋಸನ್ನು ತಿಂದುಬಿಡುತ್ತವೆ. ಹಳ್ಳಿಯಲ್ಲಿ ತೆಗೆದ ರಕ್ತ ಬಸ್ಸಿನಲ್ಲಿ ಬಂದು ಸೇರುವ ಹೊತ್ತಿಗೆ ಸಕ್ಕರೆ ಕಾಯಿಲೆ ಕಾಗದದ ಮೇಲೆ ವಾಸಿಯಾಗಿರಬಹುದು.

ಡೆಂಗಿ ಕಾಲದಲ್ಲಿ ನೋಡಬೇಕು ಅಲ್ಲಿಯ ಗದ್ದಲ. ರಕ್ತಸ್ರಾವ ತಡೆಯುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್ ಎಷ್ಟು, ಎಷ್ಟು ಎಂದು ಕಿಟಕಿಯಲ್ಲಿ ಒಂದೇ ಪ್ರಶ್ನೆ. ಮನೆಯಲ್ಲಿ ಆಗಲೇ ಪರಂಗಿ ಎಲೆ ಅರೆಯುತ್ತಿರುತ್ತಾರೆ. ಮೈಕ್ರೋಲೀಟರಿಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕಾದದ್ದು ಒಬ್ಬ ಯುವಕನ ವರದಿಯಲ್ಲಿ 28,000 ಎಂದು ಬಂದಿತ್ತು. ನಾನು ಗಾಬರಿಯಾದೆ. ಚಿಕ್ಕಮ್ಮ "ಹುಡುಗನಿಗೆ ಎಲ್ಲಾದರೂ ರಕ್ತ ಒಸರುತ್ತಿದೆಯೇ ಕೇಳು" ಎಂದು ತಂತ್ರಜ್ಞರನ್ನು ಹೊರಗೆ ಕಳುಹಿಸಿ, ತಾವು ಸ್ಲೈಡ್ ತರಿಸಿದರು.

ರಕ್ತಕಣ ಎಣಿಸುವ ಯಂತ್ರಗಳಲ್ಲಿ ಹಲವು ಇಂದಿಗೂ ಅಮೆರಿಕದ ಎಂಜಿನಿಯರ್ ವ್ಯಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ಉಪಾಯವನ್ನೇ ನಂಬಿವೆ. ಸಣ್ಣ ರಂಧ್ರದಲ್ಲಿ ಕಣ ಹಾಯುವಾಗ ವಿದ್ಯುತ್ ಪ್ರವಾಹಕ್ಕೆ ಆಗುವ ತಡೆಯಿಂದ ಅದರ ಗಾತ್ರವನ್ನು ಅಳೆಯುತ್ತವೆ. ಕೆಲವರ ರಕ್ತದಲ್ಲಿ, ನೇರಳೆ ಮುಚ್ಚಳದ ಕೊಳವೆಯಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ರಾಸಾಯನಿಕ ತಗುಲಿದೊಡನೆ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟುತ್ತವೆ. ಗುಂಪು ದೊಡ್ಡದಾದ್ದರಿಂದ ಯಂತ್ರದ ಲೆಕ್ಕದಲ್ಲಿ ಅದು ಪ್ಲೇಟ್‌ಲೆಟ್ ಅಲ್ಲ. ಸೂಕ್ಷ್ಮದರ್ಶಕದಲ್ಲಿ, ಸ್ಲೈಡ್ ಮೇಲೆ ತೆಳುವಾಗಿ ಹರಡಿದ ರಕ್ತದ ಲೇಪದ ಅಂಚಿಗೆ ಹೋದಾಗ ಕಂಡದ್ದು ಅದೇ, ನೇರಳೆ ಚುಕ್ಕಿಗಳ ಗೊಂಚಲು. ನೀಲಿ ಮುಚ್ಚಳದ ಸಿಟ್ರೇಟ್ ಕೊಳವೆಯಲ್ಲಿ ಮತ್ತೆ ರಕ್ತ ತೆಗೆಸಿದರು. ಒಂಬತ್ತು ಪಾಲು ರಕ್ತಕ್ಕೆ ಅಲ್ಲಿ ಒಂದು ಪಾಲು ದ್ರವ ಬೆರೆಯುವುದರಿಂದ ಬಂದ ಅಂಕಿಯನ್ನು 1.1ರಿಂದ ಗುಣಿಸಿದರು. ಲಕ್ಷ ದಾಟಿತ್ತು. ಯುವಕನಿಗೆ ಜ್ವರವಿದ್ದದ್ದು ನಿಜ. ಗಂಡಾಂತರ ಮಾತ್ರ ಕೊಳವೆಯೊಳಗಿನದು.

ಪ್ರತಿ ಕಡಿಮೆ ಎಣಿಕೆಯೂ ಹೀಗೆ ಸುಳ್ಳಾಗುವುದಿಲ್ಲ ಎಂಬುದನ್ನೂ ಹೇಳಬೇಕು. ನಿಜವಾಗಿ ಕುಸಿದದ್ದನ್ನು ಕಂಡಾಗ ಅವರು ವರದಿ ಮುದ್ರಣವಾಗುವವರೆಗೆ ಕಾಯದೆ ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೇ ಫೋನ್ ಮಾಡುತ್ತಾರೆ.

ಇನ್ನು ಆರೋಗ್ಯ ತಪಾಸಣೆಯ ಪ್ಯಾಕೇಜುಗಳು. ಇವುಗಳ ವಿಷಯದಲ್ಲಿ ಚಿಕ್ಕಮ್ಮನಿಗಿಂತ ನನ್ನ ಅಭಿಪ್ರಾಯ ಕಟುವಾಗಿದೆ. ವರದಿಯ ಬಲಗಡೆ ಇರುವ ಸಾಮಾನ್ಯ ಮಿತಿಯನ್ನು ಹೆಚ್ಚಾಗಿ ಆರೋಗ್ಯವಂತರಲ್ಲಿ ಶೇ. 95 ಮಂದಿ ಒಳಗೆ ಬರುವಂತೆ ಗುರುತಿಸಿರುತ್ತಾರೆ. ಅಂದರೆ ಏನೂ ಇಲ್ಲದವರಲ್ಲೂ ಇಪ್ಪತ್ತಕ್ಕೆ ಒಬ್ಬರು ಹೊರಗೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ ಆರೋಗ್ಯವಂತರಿಗೂ ಒಂದಾದರೂ ಮಿತಿಯ ಹೊರಗಿನದೆಂದು ದಪ್ಪಕ್ಷರದಲ್ಲಿ ಬರುವ ಸಾಧ್ಯತೆ ಶೇ. 64. ಆ ದಪ್ಪಕ್ಷರ ನೋಡಿ ನಿದ್ದೆಗೆಟ್ಟವರು ಮರುದಿನ ಇನ್ನೊಂದು ಪರೀಕ್ಷೆಗೆ ಹಣ ಕಟ್ಟುತ್ತಾರೆ. ಚಿಕ್ಕಮ್ಮ ಇದಕ್ಕೆ ನಗುತ್ತಾರೆ; ನನಗೆ ನಗು ಬರುವುದಿಲ್ಲ.

ನಿಮ್ಮ ಬಂಧುಗಳಲ್ಲಿ ಇಂಥ ಕೆಲಸದವರಿದ್ದರೆ ಮಧ್ಯಾಹ್ನದ ನಂತರ ಹೋಗಿ. ಬೆಳಿಗ್ಗೆ ಅವರಿಗೆ ಮಾತನಾಡಲು ಪುರುಸೊತ್ತಿರುವುದಿಲ್ಲ. ಸ್ಲೈಡುಗಳು ಮೇಜಿಗೆ ಬರುವುದೂ ಮಧ್ಯಾಹ್ನದ ನಂತರವೇ. ಇಬ್ಬರು ನೋಡುವ ಸೂಕ್ಷ್ಮದರ್ಶಕವಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.